ಮದ್ದಿನ ಪಂಪು ಚರಂಡಿಗೆ ಬಂದ ದಿನ

ಮೂಡುಬಿದಿರೆಯ ನಮ್ಮ ಪೇಟೆಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಪೈಪು, ಪಂಪು, ಚರಂಡಿ ತೊಳೆಯುವ ಜೆಟ್ ಮಿಶಿನ್ ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಗಂಡ ಗಲ್ಲೆಯಲ್ಲಿ ಕೂತು ನಗುನಗುತ್ತ ವ್ಯಾಪಾರ ಮಾಡುತ್ತಾರೆ, ನಾನು ಜಗಲಿಯಲ್ಲಿ ನಿಂತು ಬೈಯುತ್ತೇನೆ. ಮಿಶಿನ್ ಒಯ್ಯಲು ಬಂದವರ ಮುಖಕ್ಕಿಂತ ಮೊದಲು ನಾನು ನೋಡುವುದು ಅವರ ಕಾಲು. ಹವಾಯಿ ಚಪ್ಪಲಿಯಲ್ಲಿ ಬಂದಿದ್ದರೆ ಬೂಟು ಹಾಕಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತೇನೆ. ಪೈಪಿನ ಉದ್ದಕ್ಕೂ ಕಣ್ಣಾಡಿಸಿ, ಎಲ್ಲಾದರೂ ಸಿಪ್ಪೆ ಎದ್ದದ್ದು ಕಂಡರೆ ಇಡೀ ಪೈಪನ್ನೇ ಬದಲಿಸುತ್ತೇನೆ. ನೋಜಲನ್ನು ಚರಂಡಿಯೊಳಗೆ ತೂರಿಸಿದ ಮೇಲೆಯೇ ಸ್ವಿಚ್ಚು ಹಾಕಬೇಕು, ಹೊರಗೆ ಎಳೆಯುವ ಮೊದಲು ಬಂದ್ ಮಾಡಬೇಕು, ಬಂದ್ ಮಾಡಿದ ಮೇಲೂ ಗನ್ನು ಒತ್ತಿ ಒಳಗೆ ಉಳಿದ ಒತ್ತಡವನ್ನು ಬಿಡಬೇಕು, ಎಲ್ಲಿ ಸೋರಿದರೂ ಕೈ ಅಡ್ಡ ಹಿಡಿಯಬಾರದು. ಹೇಳಿದ್ದನ್ನೇ ಹೇಳುತ್ತೇನೆ. ಮೊನ್ನೆ ಒಬ್ಬ ಹೋಟೆಲಿನವರಿಗೆ ತಾಳ್ಮೆ ಕೆಟ್ಟಿತು.

"ಅಕ್ಕ, ನೀವು ಮಿಶಿನ್ ಕೊಡ್ತೀರೋ ಪಾಠ ಮಾಡ್ತೀರೋ? ಬರೀ ನೀರಲ್ವಾ ಮಾರ್ರೆ, ಬಾಂಬು ಏನೂ ಅಲ್ಲವಲ್ಲ!"

ಬರೀ ನೀರು! ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಅವತ್ತು ಮಿಶಿನ್ ಕೊಡಲೇ ಇಲ್ಲ, ನಾವೇ ಬಂದು ತೊಳೆದುಕೊಡುತ್ತೇವೆ ಎಂದೆ. ಗಂಡ ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. ನಮ್ಮ ಮನೆಯಲ್ಲಿ ಇದೇ ಮಾತನ್ನು ಯಾರು, ಯಾವಾಗ ಆಡಿದ್ದರೆಂದು ಅವರಿಗೆ ಗೊತ್ತುಂಟು.

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯ ಬದಿಯ ಒಂದು ಹೋಟೆಲಿನ ಹಿಂದೆ. ಹಿಂದೆ ಎಂದರೆ ಬೇರೆ ಮನೆಯೇನಲ್ಲ. ಹೆಂಚಿನ ಮಾಡು ಒಂದೇ, ನಡುವೆ ಒಂದು ಗೋಡೆ. ಗೋಡೆಯ ಆಚೆ ಅಪ್ಪನ ರಾಜ್ಯ. ಅಲ್ಲಿ ಬನ್ಸು, ಗೋಳಿಬಜೆ, ಕಡ್ಲೆ ಅವಲಕ್ಕಿ, ಬಸ್ಸು ನಿಂತ ಕೂಡಲೇ ಏಳುವ ಚಾದ ಗಲಾಟೆ, ಮತ್ತು ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡು. ಗೋಡೆಯ ಈಚೆ ಅಮ್ಮನ ರಾಜ್ಯ. ಇಲ್ಲಿ ಕುಚ್ಚಲಕ್ಕಿ ಗಂಜಿ, ಬೂತಾಯಿ ಮೀನಿನ ಪುಳಿಮುಂಚಿ, ಮಳೆಗಾಲಕ್ಕೆ ಒಣಮೀನಿನ ಚಟ್ನಿ. ನಮ್ಮದು ಮೀನಿಲ್ಲದೆ ಊಟ ಇಳಿಯದ ಮನೆ, ಅಪ್ಪನಿಗಂತೂ ಕೇಳುವುದೇ ಬೇಡ. ಗಿರಾಕಿಗಳ ಮುಂದೆ ಶುದ್ಧ ಸಸ್ಯಾಹಾರದ ಮುಖ ಹೊತ್ತು ತಿರುಗಿ, ಮಧ್ಯಾಹ್ನ ಗೋಡೆ ದಾಟಿ ಬಂದು ಮೀನಿನ ತಲೆಯನ್ನು ಚೀಪುತ್ತ ಕೂರುತ್ತಿದ್ದರು. ಅಮ್ಮ ಎದುರಿಗೇ ಕೂತು ಉಣ್ಣುತ್ತಿದ್ದಳು. ಗಂಡ ಉಂಡ ಮೇಲೆ ಹೆಂಡತಿ ಎಂಬ ಕಟ್ಟಳೆ ಆ ಅಡುಗೆಮನೆಯಲ್ಲಿ ನಡೆದದ್ದಿಲ್ಲ. ಅಮ್ಮ ಮೀನಿನ ಮುಳ್ಳು ಬಿಡಿಸಿ ನನ್ನ ಬಟ್ಟಲಿಗೆ ಒಂದು ತುಂಡು, ಅಪ್ಪನ ಬಟ್ಟಲಿಗೆ ಒಂದು ತುಂಡು ಹಾಕುತ್ತಿದ್ದಳು, ಅಪ್ಪನಿಗೂ ನನಗೂ ಒಂದೇ ಪ್ರಾಯವೋ ಎಂಬ ಹಾಗೆ.

ಎರಡು ರಾಜ್ಯಗಳಿಗೂ ಚರಂಡಿ ಮಾತ್ರ ಒಂದೇ. ಅಮ್ಮನ ಅಡುಗೆಮನೆಯ ಮೂಲೆಯಿಂದ ಹೊರಟ ಸಿಮೆಂಟು ಪೈಪು ಹೋಟೆಲಿನ ನೆಲದಡಿಯಲ್ಲಿ ಹಾದು, ಗಿರಾಕಿಗಳು ಕೈ ತೊಳೆಯುವ ಜಾಗದ ನೀರನ್ನೂ ಸೇರಿಸಿಕೊಂಡು, ರಸ್ತೆ ಬದಿಯ ಚರಂಡಿಗೆ ಬೀಳುತ್ತಿತ್ತು. ಗಂಜಿ ತಿಳಿ, ಬಾಣಲೆಯ ಎಣ್ಣೆ, ಮೀನು ತೊಳೆದ ನೀರು ಎಲ್ಲ ಸೇರಿ ಆ ಪೈಪಿನೊಳಗೆ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತಿತ್ತು. ಅದನ್ನು ತೆಗೆಯುವವಳು ಅಮ್ಮ. ಅಡಿಕೆ ಮರ ಸೀಳಿದ ಉದ್ದದ ಕೋಲು ಮೊದಲು, ಆಮೇಲೆ ಹಿಡಿಸೂಡಿಯ ಕಡ್ಡಿಗಳ ಕಟ್ಟು, ಕೊನೆಗೆ ಮೊಣಕೈವರೆಗೆ ಅವಳ ಕೈ. ಬಿಸಿನೀರು ಹೊಯ್ದು, ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಆ ಬೆರಳುಗಳಿಗೆ ವಾಸನೆ ಉಳಿಯುತ್ತಿತ್ತು. ಮಳೆಗಾಲ ಬಂತೆಂದರೆ ಉಗುರುಸುತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ದೋಸೆ ಹೊಯ್ಯುತ್ತಿದ್ದಳು. ಅಪ್ಪ ಅದನ್ನು ನೋಡಿದ್ದಾರೆಂದು ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಏನನ್ನು ನೋಡಿದರೂ ಬಾಯಿ ಬಿಡುವ ಜಾತಿಯಲ್ಲ, ಸಿಟ್ಟು ಬಂದಾಗ ಒಂದು ಬಿಟ್ಟು.

ಇನ್ನೊಂದು ಅಭ್ಯಾಸ ಹೇಳಬೇಕು. ನಮ್ಮ ಮನೆಯಲ್ಲಿ ಏನು ಸೋರಿದರೂ ಮೊದಲು ಹೋಗುತ್ತಿದ್ದದ್ದು ಕೈ. ಬಾವಿಯ ಪಂಪಿನ ಪೈಪು ಅಜ್ಜನಷ್ಟು ಹಳೆಯದು, ಇವತ್ತು ಇಲ್ಲಿ ಬಾಯಿ ಬಿಟ್ಟರೆ ನಾಳೆ ಅಲ್ಲಿ. ಅಪ್ಪ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತುತ್ತಿದ್ದರು. ಅವರು ಸುತ್ತಿ ಮುಗಿಸುವವರೆಗೆ ಅಮ್ಮ ತೂತಿನ ಮೇಲೆ ಅಂಗೈ ಒತ್ತಿ ಹಿಡಿಯಬೇಕು. ನೀರು ಅವಳ ಸೀರೆಗೂ ಅವರ ಮುಖಕ್ಕೂ ಸಿಡಿಯುತ್ತಿತ್ತು, ಇಬ್ಬರೂ ಬೈದುಕೊಳ್ಳುತ್ತ ನಗುತ್ತಿದ್ದರು. ಅವರಿಬ್ಬರು ಅಷ್ಟು ಹತ್ತಿರ ನಿಂತದ್ದನ್ನು ನಾನು ಕಂಡದ್ದು ಪೈಪು ಸೋರಿದಾಗ ಮಾತ್ರ. ಮೋಟರು ಬಂದ್ ಮಾಡಿ ಆಮೇಲೆ ಸುತ್ತಬಹುದಲ್ಲ ಎಂದು ಇಬ್ಬರಿಗೂ ತೋಚುತ್ತಿರಲಿಲ್ಲ.

ಜಗಳ ಶುರುವಾದದ್ದು ಒಬ್ಬ ಮೇಷ್ಟ್ರಿಂದ. ಅವತ್ತು ಚರಂಡಿ ಪೂರಾ ಕಟ್ಟಿಕೊಂಡು, ಅಮ್ಮ ಮೀನು ತೊಳೆದ ನೀರು ಹೋಟೆಲಿನ ಕೈತೊಳೆಯುವ ಜಾಗದಲ್ಲಿ ಮೇಲೆ ಬಂದಿತ್ತು. ಬನ್ಸು ತಿಂದು ಕೈ ತೊಳೆಯಲು ಹೋದ ಮೇಷ್ಟ್ರು ಮೂಗು ಮುಚ್ಚಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಏನು ಯಜಮಾನ್ರೇ, ಇವತ್ತು ನಿಮ್ಮಲ್ಲಿ ಬೂತಾಯಿ ಸ್ಪೆಷಲ್ಲಾ?"

ಇಡೀ ಹೋಟೆಲು ನಕ್ಕಿತು. ಅಪ್ಪ ಗೋಡೆ ದಾಟಿ ಒಳಗೆ ಬಂದಾಗ ಮುಖ ಬೋರ್ಡಿನ ಅಕ್ಷರದಷ್ಟೇ ಕೆಂಪಗಿತ್ತು. ಮನೆಯಲ್ಲಿ ನಮ್ಮದು ತುಳು; ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಕಡಿಮೆಯೇ ಆಗುತ್ತದೆ.

"ನಿನ್ನ ಮೀನಿನ ನೀರಿಂದ ನನ್ನ ಮರ್ಯಾದೆ ಹೋಯ್ತು. ಹೋಟೆಲಿಗೆ ಬಾಗಿಲು ಹಾಕಿಸ್ಲಿಕ್ಕೆ ಹೊರಟಿದ್ದೀಯಾ?"

"ಓಹೋ! ತಿನ್ನುವಾಗ ಎರಡೆರಡು ಸಲ ಬಡಿಸಿಕೊಳ್ತೀರಲ್ಲ, ಆಗ ಎಲ್ಲಿ ಹೋಗಿತ್ತು ನಿಮ್ಮ ಮರ್ಯಾದೆ? ಚರಂಡಿಗೆ ಕೈ ಹಾಕುವವಳು ನಾನು. ನಾಳೆಯಿಂದ ನೀವೇ ಹಾಕಿ, ಗೊತ್ತಾಗ್ತದೆ."

"ಹಾಕುವುದಿಲ್ಲ. ನಾನೂ ಹಾಕುವುದಿಲ್ಲ, ನೀನೂ ಹಾಕುವುದು ಬೇಡ. ಇದಕ್ಕೊಂದು ಗತಿ ಕಾಣಿಸ್ತೇನೆ, ನೋಡು."

ಹೋಟೆಲಿನ ಫೋನಿನಿಂದ ಅವರು ಆಗಲೇ ಕೊಕ್ಕಡದ ಮಾವನನ್ನು ಬರಹೇಳಿದರು. ಮಾವ ಎಂದರೆ ಅಮ್ಮನ ತಮ್ಮ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು ಸುಣ್ಣ ಕಲಸಿದ ಮದ್ದು ಬಿಡುತ್ತಾರಲ್ಲ, ಆ ಪಂಪು ಅವರಲ್ಲಿತ್ತು. ನೆಲದಲ್ಲಿ ನಿಂತು ಗನ್ನು ಒತ್ತಿದರೆ ಮರದ ತಲೆಯ ಗೊನೆಗೆ ಮುಟ್ಟುವಷ್ಟು ರಭಸ ಅದಕ್ಕೆ. ಆ ರಭಸವನ್ನು ಚರಂಡಿಗೆ ಬಿಟ್ಟರೆ ಯಾವ ಕಸ ನಿಂತೀತು ಎಂಬುದು ಅಪ್ಪನ ಲೆಕ್ಕ. ಲೆಕ್ಕ ತಪ್ಪಲ್ಲ. ನಾನೀಗ ಹೊಟ್ಟೆ ಹೊರೆಯುತ್ತಿರುವುದೂ ಅದೇ ಲೆಕ್ಕದಿಂದ.

ಮೇ ಕೊನೆಯ ಪತ್ತನಾಜೆ ಕಳೆದು ಊರಿನ ಭೂತಕೋಲ, ಯಕ್ಷಗಾನದ ಆಟಗಳೆಲ್ಲ ಮುಗಿದಿದ್ದವು. ಮೋಡ ಕಟ್ಟಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಮಾವ ಜೀಪಿನಲ್ಲಿ ಪಂಪು, ಡ್ರಮ್ಮು, ಸುರುಳಿ ಸುತ್ತಿದ ಉದ್ದದ ಪೈಪು ಹೇರಿಕೊಂಡು ಬಂದು ಅಂಗಳದಲ್ಲಿ ಇಳಿಸಿದರು. ಹೋದ ವರ್ಷದ ಮದ್ದಿನ ನೀಲಿ ಡ್ರಮ್ಮಿನ ತಳದಲ್ಲೂ ಪೈಪಿನ ಬಾಯಿಯಲ್ಲೂ ಹಾಗೆಯೇ ಒಣಗಿ ನಿಂತಿತ್ತು. ಯಾರೂ ತೊಳೆಯಲಿಲ್ಲ, ಚರಂಡಿ ತೊಳೆಯುವ ಪೈಪನ್ನು ತೊಳೆಯುವವರುಂಟೇ? ಬಾವಿಯ ನೀರು ಡ್ರಮ್ಮಿಗೆ ತುಂಬಿದರು. ಮಾವ ಹಗ್ಗ ಎಳೆದು, ಬೈದು, ಮತ್ತೆ ಎಳೆದು, ಅಂತೂ ಇಂಜಿನ್ನು ಸ್ಟಾರ್ಟಾಯಿತು. ಅಪ್ಪ ಲುಂಗಿ ಎತ್ತಿಕಟ್ಟಿ ಗನ್ನಿನ ತುದಿಯನ್ನು ಅಡುಗೆಮನೆಯ ಪೈಪಿನೊಳಗೆ ಹೊಗಿಸಿದರು. ಒಳಗೆ ಏನೋ ಗುಡುಗಿತು. ಸ್ವಲ್ಪ ಹೊತ್ತಿಗೆ ರಸ್ತೆ ಬದಿಯ ಚರಂಡಿಗೆ ಎಮ್ಮೆಯ ತಲೆಯಷ್ಟು ದೊಡ್ಡ ಕಪ್ಪು ಮುದ್ದೆ ದಡಲ್ಲನೆ ಬಂದು ಬಿತ್ತು. ಹೋಟೆಲಿನ ಗಿರಾಕಿಗಳು ಕೇಕೆ ಹಾಕಿದರು. ಅಪ್ಪ ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಗನ್ನು ಹಿಡಿದೇ ಅಮ್ಮನ ಕಡೆ ತಿರುಗಿ, "ನೋಡಿದೆಯಾ, ನೋಡಿದೆಯಾ?" ಎಂದು ಚಿಕ್ಕ ಮಕ್ಕಳ ಹಾಗೆ ಕೂಗಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆಗಲೇ ಅಂಗಳದಲ್ಲಿ ಪೈಪು ಸೋರಿದ್ದು. ಅಗಲವಾದ ಸೋರಿಕೆ ಏನಲ್ಲ, ಕೂದಲೆಳೆಯಷ್ಟು ಸಪೂರದ ನೀರು 'ಸುಂಯ್' ಎಂದು ಗೋಡೆಗೆ ಹೊಡೆಯುತ್ತಿತ್ತು. ಹೊಡೆದ ಜಾಗದಲ್ಲಿ ಸುಣ್ಣ ಎದ್ದು ಬರುತ್ತಿತ್ತು. ಅದನ್ನು ಎಲ್ಲರೂ ಕಂಡೆವು. ಕಂಡು ಯಾರಿಗೂ ಏನೂ ಅನಿಸಲಿಲ್ಲ.

"ಇಂಜಿನ್ ನಿಲ್ಲಿಸಬೇಕಾ ಭಾವ?" ಮಾವ ಕೇಳಿದರು. "ನಿಲ್ಲಿಸಿದ್ರೆ ಮತ್ತೆ ಸ್ಟಾರ್ಟ್ ಮಾಡುವಾಗ ಸಾಕುಸಾಕಾಗ್ತದೆ."

"ಬೇಡ ಬೇಡ, ಒಂದು ಪಟ್ಟಿ ಸುತ್ತಿದ್ರೆ ಆಯ್ತು," ಎಂದ ಅಪ್ಪ ಗನ್ನಿನ ಬಾಯಿ ಬಂದ್ ಮಾಡಿ ಟ್ಯೂಬಿನ ಪಟ್ಟಿ ತರಲು ಓಡಿದರು. ಓಡುತ್ತ ಅಮ್ಮನಿಗೆ ಹೇಳಿದರು, "ಅಲ್ಲೊಮ್ಮೆ ಹಿಡಿ ಮಾರಾಯ್ತಿ!"

ಅಮ್ಮ ಹಿಡಿದಳು. ಬಾವಿಯ ಪೈಪನ್ನು ಹಿಡಿಯುವ ಹಾಗೆಯೇ, ಬಲಗೈ ಅಂಗೈ ಒತ್ತಿ. ಮರುಕ್ಷಣ "ಅಯ್ಯಮ್ಮಾ" ಎಂದು ಕೈ ಎಳೆದುಕೊಂಡಳು. ಮಾವ ಆಗ ಇಂಜಿನ್ನು ನಿಲ್ಲಿಸಿದರು. ಎಲ್ಲರೂ ಸೇರಿ ಅವಳ ಅಂಗೈ ನೋಡಿದೆವು. ತೋರುಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಷ್ಟು ಒಂದು ಚುಕ್ಕಿ. ರಕ್ತವೂ ಬಂದಿರಲಿಲ್ಲ.

"ಚುರ್ ಅಂತು, ಅಷ್ಟೆ," ಎಂದಳು ಅಮ್ಮ.

"ಬರೀ ನೀರಲ್ವಾ ಅಕ್ಕ," ಎಂದು ಮಾವ ನಕ್ಕರು. ಅಪ್ಪನೂ ನಕ್ಕರು. ನಾನೂ ನಕ್ಕಿರಬೇಕು.

ಆ ಸಂಜೆ ಅಮ್ಮನೇ ಎಲ್ಲರಿಗೂ ಚಾ ಮಾಡಿಕೊಟ್ಟಳು. ಊಟದ ಹೊತ್ತಿಗೆ ಕೈ ಜುಮ್ಮೆನ್ನುತ್ತದೆ ಎಂದಳು. ಅರಿಶಿನ ಹಚ್ಚು ಎಂದರು ಅಪ್ಪ. ಹಚ್ಚಿದಳು. ಬೆಳಿಗ್ಗೆ ಏಳುವಾಗ ಅಂಗೈ ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿ ಉಪ್ಪಿನ ಶಾಖ ಕೊಟ್ಟರು. ನೆರೆಮನೆಯವರು ಯಾವುದೋ ಸೊಪ್ಪು ಅರೆದು ಕಟ್ಟಿದರು. ಆಸ್ಪತ್ರೆಯ ಮಾತು ಯಾರೂ ಎತ್ತಲಿಲ್ಲ. ಒಂದು ಚುಕ್ಕಿಗೆ ಯಾರಾದರೂ ಮಂಗಳೂರಿಗೆ ಹೋಗುತ್ತಾರೆಯೇ? ಜ್ವರ ಏರಿ, ಬೆರಳು ಕಪ್ಪಾಗತೊಡಗಿದ ಮೇಲೆ ಮಾವ ಮತ್ತೆ ಜೀಪು ತಂದರು. ಮಂಗಳೂರಿನ ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿದೆ.

"ಹೊರಗಿನ ಚುಕ್ಕಿ ನೋಡಿ ಮೋಸ ಹೋಗಿದ್ದೀರಿ. ನೀರು, ಮದ್ದು, ಕೊಳೆ ಎಲ್ಲ ಬೆರಳ ಒಳಗೆ ಉದ್ದಕ್ಕೂ ನುಗ್ಗಿದೆ. ಆವತ್ತೇ ಬಂದಿದ್ದರೆ ಕೈ ಬಿಡಿಸಿ ತೊಳೆಯಬಹುದಿತ್ತು. ಈಗ ಬೆರಳು ತೆಗೆಯಬೇಕಾಗ್ತದೆ."

ತೋರುಬೆರಳೂ ನಡುಬೆರಳೂ ಹೋದವು. ಉಳಿದವು ಕೊಕ್ಕೆಯ ಹಾಗೆ ಬಾಗಿ ಸೆಟೆದುಕೊಂಡವು. ಅಪ್ಪ ಆಸ್ಪತ್ರೆಯ ಓಣಿಯಲ್ಲಿ ನೆಲದ ಮೇಲೆ ಕೂತಿದ್ದರು. ಬೆಂಚು ಖಾಲಿಯಿತ್ತು, ಆದರೂ ನೆಲದ ಮೇಲೆ.

ಅಮ್ಮ ಮನೆಗೆ ಬಂದ ಮೇಲೆ ನಮ್ಮ ಅಡುಗೆಮನೆ ಮೊದಲಿನ ಹಾಗೆ ಆಗಲೇ ಇಲ್ಲ. ಅವಳು ಎಡಗೈಯಲ್ಲಿ ದೋಸೆ ಹೊಯ್ಯಲು ಕಲಿತಳು, ತೆಂಗಿನಕಾಯಿ ತುರಿಯಲು ಕಲಿತಳು. ಆದರೆ ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡುವುದು ಬೇಡ ಎಂದು ನಮ್ಮದೆಲ್ಲ ಆದ ಮೇಲೆ ಒಲೆಯ ಕಡೆಗೆ ಮುಖ ಮಾಡಿ ಒಬ್ಬಳೇ ಕೂರುತ್ತಿದ್ದಳು. ಅಪ್ಪನ ಬಟ್ಟಲಿಗೆ ಮೀನಿನ ಮುಳ್ಳು ಬಿಡಿಸಿ ಹಾಕುವವರಿಲ್ಲ. ಅಪ್ಪ ಮೀನು ತಿನ್ನುವುದನ್ನೇ ಬಿಟ್ಟರು. ಅವರು ಆ ಕೈಯನ್ನು ಒಂದು ದಿನವೂ ನೇರ ನೋಡಲಿಲ್ಲ. ಅಮ್ಮ ಬಡಿಸಲು ಬಂದರೆ ಗೋಡೆ ನೋಡುತ್ತಿದ್ದರು. ಜಗಳವೂ ನಿಂತಿತು. ಜಗಳವಾಡದ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು ನನಗೆ. ದೇವರೇ, ಯಾರಾದರೂ ಒಮ್ಮೆ ಬೈಯಬಾರದೇ ಎನಿಸುತ್ತಿತ್ತು. ಇವತ್ತು ನಾನು ಇಡೀ ಪೇಟೆಗೆ ಕೇಳುವ ಹಾಗೆ ಬೈಯುವುದು ಅಲ್ಲಿ ಕಲಿತದ್ದೇ ಇರಬೇಕು.

ಅಪ್ಪ ಒಂದು ಕೆಲಸ ಮಾಡಿದರು. ಅಮ್ಮನ ಅಡುಗೆಮನೆಗೆ ಬೇರೆಯೇ ಚರಂಡಿ ತೋಡಿಸಿ, ಹಿತ್ತಿಲ ಗುಂಡಿಗೆ ನೀರು ಬಿಟ್ಟರು. ಉದ್ದಕ್ಕೂ ಎತ್ತಿ ತೆಗೆಯಲು ಬರುವ ಹಲಗೆಕಲ್ಲು ಮುಚ್ಚಿಸಿದರು. ಭಾನುವಾರ ಹೋಟೆಲಿಗೆ ರಜೆ. ಅವತ್ತು ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಲ್ಲು ಎತ್ತಿ ಅವರೇ ತೊಳೆಯುತ್ತಿದ್ದರು. ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅಮ್ಮ ಕಿಟಕಿಯಿಂದ ನೋಡಿ ನನಗೆ ಹೇಳುತ್ತಿದ್ದಳು:

"ನೋಡು, ಹೋಟೆಲಿಗೆ ವಾಸನೆ ಬರಬಾರದಲ್ಲ. ಅದಕ್ಕೇ ನನ್ನ ಕೈ ಹೋದದ್ದು, ಅದಕ್ಕೇ ಈ ಕಲ್ಲು."

ಹೌದಲ್ಲವೇ ಎಂದುಕೊಂಡೆ. ಜಗಳದ ದಿನ ಅವರು ಆಡಿದ ಮಾತು ನನ್ನ ಕಿವಿಯಲ್ಲೂ ಇತ್ತು.

ನನ್ನ ಮದುವೆ ಮೂಡುಬಿದಿರೆಯ ಒಂದು ಸಭಾಭವನದಲ್ಲಿ. ನಮ್ಮಲ್ಲಿ ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿ ಇಟ್ಟು ಅಪ್ಪ ಅಮ್ಮ ಇಬ್ಬರೂ ಕೂಡಿ ಗಿಂಡಿ ಹಿಡಿದು ನೀರೆರೆಯುತ್ತಾರೆ. ಧಾರೆ ಎಂದರೆ ಅದು, ಮದುವೆಯೆಂದರೆ ಅದೇ. ಮುಹೂರ್ತ ಹತ್ತಿರ ಬಂದಾಗ ಅಮ್ಮ ಮಂಟಪದ ಮೆಟ್ಟಿಲ ಹತ್ತಿರ ನಿಂತಿದ್ದಳು, ಬಲಗೈ ಸೆರಗಿನೊಳಗೆ. ಸುತ್ತ ನೆಂಟರು ಪಿಸುಗುಟ್ಟಿದರು. ಊನ ಇರುವ ಕೈ ಧಾರೆಗೆ ಆಗುತ್ತದಾ, ಹುಡುಗಿಗೆ ಒಳ್ಳೆಯದಾ ಎಂದು. ಅಪ್ಪನ ಅಕ್ಕ, ನನ್ನ ಅತ್ತೆ, ಬಾಯಿ ಬಿಟ್ಟೇ ಕೇಳಿದರು:

"ಏನು ಮಾಡುವ ತಮ್ಮಾ? ಹೊತ್ತು ಮೀರ್ತದೆ."

ಅಮ್ಮ ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ. ಬಾ ಎಂಬ ಒಂದಕ್ಷರ ಸಾಕಿತ್ತು. ಅಪ್ಪ ಗಿಂಡಿಯನ್ನೇ ನೋಡುತ್ತ ನಿಂತರು, ಅದರಲ್ಲಿ ಏನೋ ಬಿದ್ದಿದೆ ಎಂಬ ಹಾಗೆ.

"ಅತ್ತಿಗೆ, ನೀವೇ ಹಿಡಿಯಿರಿ," ಎಂದಳು ಅಮ್ಮ. ಹೇಳಿ ಅಡುಗೆಯವರ ಕಡೆ ಹೋದಳು. ನನ್ನ ಕೈಮೇಲೆ ನೀರು ಬಿದ್ದದ್ದು ಅಪ್ಪನ ಮತ್ತು ಅತ್ತೆಯ ಕೈಯಿಂದ. ನನಗೆ ಅಳು ಬಂತು; ಗಂಡನ ಮನೆಗೆ ಹೋಗುವ ಸಂಕಟಕ್ಕೆ ಅಳುತ್ತಿದ್ದಾಳೆ ಎಂದರು ಜನ. ಅಪ್ಪನ ಮೇಲಿನ ಆ ಸಿಟ್ಟನ್ನು ನಾನು ಬಹಳ ವರ್ಷ ಬಿಡಲಿಲ್ಲ.

ಕೊನೆಗೆ ಅವರು ಬಾಯಿ ಬಿಟ್ಟದ್ದು ಕಾಯಿಲೆ ಬಿದ್ದು, ಔಷಧಿಗೆಂದು ಮೂಡುಬಿದಿರೆಗೆ ಬಂದು ನಮ್ಮಲ್ಲಿ ಉಳಿದಾಗ. ಅಂಗಡಿಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ನಾನು ಯಾರಿಗೋ ಜೆಟ್ ಮಿಶಿನ್ ತೋರಿಸುತ್ತ ಸೋರಿದಲ್ಲಿ ಕೈ ಅಡ್ಡ ಹಿಡಿಯಬೇಡಿ ಎಂದು ಬೊಬ್ಬೆ ಹೊಡೆಯುವುದನ್ನು ನೋಡುತ್ತ ಕೂತಿದ್ದರು. ಗಿರಾಕಿ ಹೋದ ಮೇಲೆ ತಮಗೆ ತಾವೇ ಎಂಬ ಹಾಗೆ ಹೇಳಿದರು:

"ಆ ವರ್ಷ ಅವಳ ಉಗುರುಸುತ್ತು ನೋಡ್ಲಿಕ್ಕೆ ಆಗ್ತಿರಲಿಲ್ಲ ಮಗಾ. ಕೀವು ಒಸರುವ ಬೆರಳಲ್ಲಿ ನನಗೆ ಮುಳ್ಳು ಬಿಡಿಸಿ ಕೊಡ್ತಿದ್ದಳು. ಇನ್ನು ಇವಳು ಚರಂಡಿಗೆ ಕೈ ಹಾಕಬಾರದು ಅಂತ ಪಂಪು ತರಿಸಿದ್ದು ನಾನು. ಹೋಟೆಲಿಗೆ ಅಂತ ಅಲ್ಲ. ಮೇಷ್ಟ್ರು ಹೇಳುವ ಮೊದಲೇ ನಿನ್ನ ಮಾವನಲ್ಲಿ ಕೇಳಿಟ್ಟಿದ್ದೆ. ಆಮೇಲೆ ಹಿಡಿ ಅಂತ ಹೇಳಿದವನೂ ನಾನೇ."

ನಾನು ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟು ಕೇಳಿದೆ:

"ಇದನ್ನು ಅಮ್ಮನಿಗೆ ಹೇಳಿದ್ದೀರಾ ಅಪ್ಪ?"

"ಅದೆಲ್ಲ ಹೇಳ್ಲಿಕ್ಕುಂಟಾ? ಅವಳಿಗೆ ಗೊತ್ತಿರ್ತದೆ."

"ಗೊತ್ತಿಲ್ಲ. ಮನೆಗೆ ಹೋದ ಕೂಡಲೇ ಹೇಳಿ. ನಿಮ್ಮ ಬಾಯಿಂದಲೇ ಹೇಳಿ."

ಆಯ್ತು ಎಂಬ ಹಾಗೆ ತಲೆಯಾಡಿಸಿದರು. ಮನೆಗೆ ಹೋದರು, ಹೋಟೆಲಿನ ಗಲ್ಲೆಯಲ್ಲಿ ಕೂತರು, ಭಾನುವಾರ ಕಲ್ಲು ಎತ್ತಿ ಚರಂಡಿ ತೊಳೆದರು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಚದುರಿದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ಅಪ್ಪ ಅವಳಿಗೆ ಹೇಳಿದ್ದಾರೆಂದೇ ನಾನು ತಿಳಿದಿದ್ದೆ. ಅದಕ್ಕೇ ಸಮಾಧಾನ ಮಾಡುವ ಹಾಗೆ ಪಂಪಿನ ಮಾತು ತೆಗೆದೆ. ಅಮ್ಮ ಕಣ್ಣು ಅರಳಿಸಿ ನನ್ನನ್ನೇ ನೋಡಿದಳು. ಪೂರಾ ಹೇಳಿಸಿದಳು. ಉಗುರುಸುತ್ತಿನ ಮಾತು ಬಂದಾಗ ಎಡಗೈಯಿಂದ ಬಲಗೈಯನ್ನು ಮುಚ್ಚಿ ಹಿಡಿದುಕೊಂಡಳು.

"ಅವರೇ ಹೇಳಿದ್ರಾ? ಹೀಗೇ ಹೇಳಿದ್ರಾ?"

"ಹೀಗೇ ಹೇಳಿದ್ರು ಅಮ್ಮ."

"ನನ್ನ ಕೈ ನೋಡಿದ್ರೆ ಹೇಸಿಗೆ ಅಂತ ಮುಖ ತಿರುಗಿಸ್ತಾರೆ ಅಂದುಕೊಂಡಿದ್ದೆ," ಎಂದಳು. ಹೊರಗೆ ಬಾಡಿಗೆಯ ಕುರ್ಚಿಗಳನ್ನು ಲಾರಿಗೆ ಹಾಕುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಅದನ್ನು ನನಗೆ ಒಮ್ಮೆ ಹೇಳಿದ್ದಿದ್ರೆ, ನಿನ್ನ ಧಾರೆಗೆ ನಾನು ಯಾರು ಏನು ಹೇಳಿದ್ರೂ ಬರ್ತಿದ್ದೆ ಮಗಾ."